ಕ್ರಿಯೇಟಿನಿನ್ 1.6 ಇರುವ ತಂದೆಗೆ ಹೃದಯದ ಪರೀಕ್ಷೆ ಯಾಕೆ?

ನಿಮ್ಮ ತಂದೆಯವರಿಗೆ 68 ವರ್ಷ, ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ, ರಕ್ತದಲ್ಲಿನ ಕಶ್ಮಲ) 1.6, ಎದೆನೋವಿಲ್ಲ, ಹಾಗಿದ್ದೂ ಕಿಡ್ನಿ ವೈದ್ಯರು ಎಕೋ (ಹೃದಯದ ಸ್ಕ್ಯಾನ್) ಮತ್ತು ಕೊಲೆಸ್ಟ್ರಾಲ್ ಮಾತ್ರೆ ಬರೆದದ್ದು ಯಾಕೆ, ಮುಂದಕ್ಕೆ ಹಾಕಬಹುದೇ ಎಂದು ಕೇಳಿದ್ದೀರಿ. ಕುಮಟಾದ ನಮ್ಮ ಮನೆಯಲ್ಲಿಯೂ ಇದೇ ಮಾತು ನಡೆದಿತ್ತು.

ಅಪ್ಪನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯವು. ಕ್ರಿಯೇಟಿನಿನ್ ಏರದೆ ನಿಂತಿದೆ ಎಂಬುದೇ ನಮಗೆ ದೊಡ್ಡ ಸಮಾಧಾನವಾಗಿತ್ತು, ಏಕೆಂದರೆ ನಮ್ಮ ಕಣ್ಣಿಗೆ ಕಾಣುತ್ತಿದ್ದ ಅಪಾಯ ಡಯಾಲಿಸಿಸ್ ಒಂದೇ. ಕೊಲೆಸ್ಟ್ರಾಲ್ ವರದಿ ಚೆನ್ನಾಗಿ ಬಂದಾಗ, ಇನ್ನು ಈ ಮಾತ್ರೆ ಯಾಕೆ, ಸುಮ್ಮನೆ ಉಷ್ಣ ಎಂದು ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯನ್ನು ನಿಲ್ಲಿಸಿದೆವು. ಎಡವಿದ್ದು ಇಲ್ಲಿಯೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ವಯಸ್ಸು 50 ದಾಟಿದ, ಡಯಾಲಿಸಿಸ್ ಇಲ್ಲದ ಕಿಡ್ನಿ ರೋಗಿಗಳಿಗೆ ಸ್ಟ್ಯಾಟಿನ್ ಕೊಡುವುದು ಕೊಲೆಸ್ಟ್ರಾಲ್ ಹೆಚ್ಚಿದೆ ಎಂದಲ್ಲ. ಕಿಡ್ನಿ ಕಾಯಿಲೆ ಇರುವುದೇ ಹೃದಯಾಘಾತದ ಅಪಾಯ ಹೆಚ್ಚಿದೆ ಎನ್ನಲು ಸಾಕು. ಮಾತ್ರೆ ನುಂಗಿದ್ದರಿಂದಲೇ ಚೆನ್ನಾಗಿದ್ದ ವರದಿಯನ್ನು ತೋರಿಸಿ ಮಾತ್ರೆಯನ್ನೇ ಬಿಡಿಸಿದೆವು. ಅದು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎನ್ನಲಾರೆ. ಇದ್ದ ಕಾವಲನ್ನು ನಾವೇ ತೆಗೆದದ್ದಂತೂ ನಿಜ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಪಾದದ ಮೇಲೆ ಬೆರಳೊತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು. ಕಿಡ್ನಿಯ ನೀರು ಎಂದುಕೊಂಡೆವು. ರಾತ್ರಿ ಉಸಿರು ಕಟ್ಟಿದಂತಾಗಿ ಎದ್ದು ಕೂತರೆ ಗ್ಯಾಸ್ ಎಂದು ಸೋಡಾ ಕೊಟ್ಟೆವು. ಕೊನೆಗೊಂದು ರಾತ್ರಿ ಮೈಯೆಲ್ಲ ಬೆವತು, ಆಂಬುಲೆನ್ಸಿನಲ್ಲಿ ಮಣಿಪಾಲ ಮುಟ್ಟಿದಾಗ ಹೃದಯಾಘಾತ ಎಂದರು. ಎದೆನೋವು ಆಗಲೂ ಇರಲಿಲ್ಲ. ಜೀವ ಉಳಿಯಿತು, ಆದರೆ ಹೃದಯದ ಪಂಪ್ ಮಾಡುವ ಶಕ್ತಿ ಶೇಕಡಾ 35ಕ್ಕೆ ಇಳಿದಿತ್ತು.

ಡಯಾಲಿಸಿಸ್ ಬಂದೀತೇ ಎಂಬ ಚಿಂತೆಯನ್ನು ಸದ್ಯ ಪಕ್ಕಕ್ಕಿಡಿ. ನಿಮ್ಮ ತಂದೆಯವರ ಹಂತದಲ್ಲಿ ಡಯಾಲಿಸಿಸ್‌ವರೆಗೆ ಹೋಗುವವರಿಗಿಂತ ಹೃದಯದ ಕಾಯಿಲೆಯಿಂದ ತೀರಿಕೊಳ್ಳುವವರೇ ಹೆಚ್ಚು. ಕಿಡ್ನಿ ಸೋತಂತೆಲ್ಲ ಉಪ್ಪು ಮತ್ತು ನೀರು ಮೈಯಲ್ಲಿ ಉಳಿದು ಬಿಪಿ ಏರುತ್ತದೆ, ಹೃದಯದ ಎಡ ಕೋಣೆಯ ಗೋಡೆ ದಪ್ಪವಾಗುತ್ತದೆ. ಕಾಯಿಲೆ ಮುಂದುವರಿದಾಗ ರಂಜಕ (ಫಾಸ್ಫರಸ್) ಹೊರಹೋಗದೆ ರಕ್ತನಾಳಗಳಲ್ಲಿ ಸುಣ್ಣ ಕೂಡುತ್ತದೆ, ರಕ್ತಹೀನತೆ ಹೃದಯದ ದುಡಿಮೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. 1.6 ಎಂಬ ಅಂಕಿ ಸಣ್ಣದಾಗಿ ಕಾಣುತ್ತದೆ. 68ರ ಪುರುಷನಲ್ಲಿ ಅದನ್ನು ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು) ಲೆಕ್ಕಕ್ಕೆ ತಂದರೆ ಸುಮಾರು 46, ಅಂದರೆ ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ಮೂರನೆಯದು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ತೋರಿಸುವ ಆಲ್ಬುಮಿನ್–ಕ್ರಿಯೇಟಿನಿನ್ ಅನುಪಾತವನ್ನೂ ಕೇಳಿ ಮಾಡಿಸಿ. ಅದು 30 ದಾಟಿದ್ದರೆ ಹೃದಯದ ಅಪಾಯವೂ ಇನ್ನಷ್ಟು ಏರಿದೆ ಎಂದೇ ಅರ್ಥ.

ಎಕೋ ಈ ವಾರವೇ ಆಗಲಿ, ಮಾತ್ರೆಯನ್ನು ವೈದ್ಯರೇ ಹೇಳದೆ ಬಿಡಬೇಡಿ. ನಮ್ಮ ಕರಾವಳಿಯ ಊಟದಲ್ಲಿ ಒಣಮೀನು, ಮಿಡಿ ಉಪ್ಪಿನಕಾಯಿ, ಹಪ್ಪಳ ಸೇರಿದರೆ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಒಂದೇ ಹೊತ್ತಿಗೆ ಮುಗಿಯಬಹುದು. ಹಾಗೆಂದು ಕಡಿಮೆ ಸೋಡಿಯಂನ ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕಿಡ್ನಿ, ಹೃದಯ ಎರಡಕ್ಕೂ ಕೆಡುಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವಿಗಾಗಿ ಕಾಯಬಾರದು: ಉಸಿರು ಕಟ್ಟಿದರೂ, ಕಾರಣವಿಲ್ಲದೆ ಬೆವತರೂ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.