ಮಳೆಗಾಲದಲ್ಲಿ ಗುಲಾಬಿಗೆ ಕತ್ತರಿ ಬೇಡ

ಪ್ರಶ್ನೆ: ಅಂಗಳದಲ್ಲಿ ಹತ್ತು ಗುಲಾಬಿ ಗಿಡಗಳಿವೆ. ಮಳೆ ಹಿಡಿದ ಮೇಲೆ ಸವರಿದರೆ ಚೆನ್ನಾಗಿ ಚಿಗುರುತ್ತದೆ ಎಂದು ಬೆಂಗಳೂರಿನ ನಮ್ಮ ಅಕ್ಕ ಹೇಳಿದ್ದಕ್ಕೆ ಜೂನ್ ಕೊನೆಯಲ್ಲಿ ಎಲ್ಲವನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಈಗ ಕೊಂಬೆಗಳು ತುದಿಯಿಂದ ಕಪ್ಪಾಗುತ್ತಾ ಇಳಿಯುತ್ತಿವೆ. ಗಿಡ ಉಳಿಯುತ್ತದಾ?
— ಓದುಗರು, ತೀರ್ಥಹಳ್ಳಿ

ಉಳಿಯುತ್ತವೆ, ಆದರೆ ಇವತ್ತೇ ಕೆಲಸ ಶುರು ಮಾಡಿ. ಇದು ತುದಿ ಒಣಗುವ ರೋಗ. ಕತ್ತರಿಸಿದ ಗಾಯ ಆರುವ ಮೊದಲೇ ಮೇಲಿಂದ ಮೇಲೆ ನೀರು ಬಿದ್ದರೆ ಶಿಲೀಂಧ್ರ ಅಲ್ಲಿಂದಲೇ ಒಳಗಿಳಿಯುತ್ತದೆ. ನಿಮ್ಮ ಅಕ್ಕ ಹೇಳಿದ್ದು ಅವರ ಊರಿಗೆ ಸರಿ, ಬೆಂಗಳೂರಿನ ಕಡೆ ಜೂನ್‌ನಲ್ಲೂ ಸವರುವವರಿದ್ದಾರೆ, ಅಲ್ಲಿ ಮಳೆ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಬಿಸಿಲೂ ಸಿಗುತ್ತದೆ. ನಿಮ್ಮಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡೋದಿಲ್ಲ ಅಲ್ವಾ?

ಮಳೆ ಸ್ವಲ್ಪ ಹೊಳವಾದ ದಿನ ನೋಡಿ, ಕಪ್ಪು ನಿಂತಲ್ಲಿಂದ ಎರಡು ಇಂಚು ಕೆಳಗೆ ಕತ್ತರಿಸಿ. ಒಳಗಿನ ತಿರುಳು ಕಂದು ಬಣ್ಣಕ್ಕಿದ್ದರೆ ಇನ್ನೂ ಕೆಳಗೆ ಹೋಗಿ, ಬಿಳಿ ಕಂಡಾಗ ನಿಲ್ಲಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಲೇಬೇಕು. ಅಡಿಕೆಗೆ ತಂದ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಮನೆಯಲ್ಲಿರುತ್ತದೆ: ತಲಾ 100 ಗ್ರಾಂ ತೆಗೆದುಕೊಂಡು ಬೇರೆ ಬೇರೆಯಾಗಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಆಮೇಲೆ ಸೇರಿಸಿ ಗಾಯಕ್ಕೆ ಹಚ್ಚಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್ ಸಾಕು. ಉದುರಿದ ಎಲೆಗಳನ್ನು ಬುಡದಲ್ಲಿ ಬಿಡಬೇಡಿ, ಕಪ್ಪು ಚುಕ್ಕೆ ರೋಗ ಅದರಲ್ಲೇ ಉಳಿದು ಮತ್ತೆ ಮೇಲೇರುತ್ತದೆ.

ನಿಮ್ಮ ಗಿಡಕ್ಕೆ ನಿಜವಾದ ಸವರುವ ಕಾಲ ಮಳೆ ಪೂರ್ತಿ ಹಿಂದೆ ಸರಿದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್. ಆಗ ಒಣಗಿದ್ದು, ಸಣಕಲು, ಒಳಮುಖವಾಗಿ ಬೆಳೆದು ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡಕ್ಕೇ ತೆಗೆಯಿರಿ. ಉಳಿದ ಗಟ್ಟಿ ಕೊಂಬೆಗಳಲ್ಲಿ ನಾಲ್ಕೈದು ಕಣ್ಣು (ಚಿಗುರು ಒಡೆಯುವ ಜಾಗ) ಉಳಿಸಿ, ಹೊರಗೆ ಮುಖ ಮಾಡಿದ ಕಣ್ಣಿನ ಮೇಲೆ ಕಾಲಿಂಚು ಜಾಗ ಇಟ್ಟು ಓರೆಯಾಗಿ ಕತ್ತರಿಸಿ. ಗೊಂಚಲು ಹೂ ಬಿಡುವ ಜಾತಿಗೆ ಇಷ್ಟು ಬೇಡ, ಮೇಲುಮೇಲೆ ಸವರಿದರೆ ಸಾಕು. ಆಮೇಲೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ. ಸವರಿದ 45–50 ದಿನಕ್ಕೆ ಹೂ ಬರುತ್ತದೆ. ಸಂಕ್ರಾಂತಿಗೆ ಹೂ ಬೇಕೆಂದರೆ ನವೆಂಬರ್ ಕೊನೆಯ ವಾರ ಸವರಿ, ಲೆಕ್ಕ ಸರಿಹೋಗುತ್ತದೆ.

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಗುಲಾಬಿ ಇದೆ. ಏಪ್ರಿಲ್ ಬಂತೆಂದರೆ ಹೂ ಗುಂಡಿಯಷ್ಟು ಸಣ್ಣದಾಗುತ್ತದೆ. ಆಗ ಚೆನ್ನಾಗಿ ಸವರಿಬಿಟ್ಟರೆ ಸರಿಯಾಗುತ್ತದಾ?
— ಓದುಗರು, ಕಲಬುರಗಿ

ದಯವಿಟ್ಟು ಬೇಡ. 40 ಡಿಗ್ರಿ ಬಿಸಿಲಿನಲ್ಲಿ ಎಲೆಗಳೇ ಕಾಂಡಕ್ಕೆ ನೆರಳು, ಅವನ್ನು ತೆಗೆದರೆ ಬರಿ ಕಾಂಡ ಸುಟ್ಟು ಸಿಪ್ಪೆ ಸೀಳುತ್ತದೆ. ಹೂ ಸಣ್ಣದಾಗುವುದು ಸೆಕೆಗೆ, ಕತ್ತರಿ ಹಾಕದ್ದಕ್ಕಲ್ಲ. ಬಾಡಿದ ಹೂವನ್ನು ಮಾತ್ರ, ಅದರ ಕೆಳಗಿನ ಮೊದಲ ಐದೆಲೆಯ ಗರಿಯವರೆಗೆ ತೆಗೆಯಿರಿ. ಮೇ ತಿಂಗಳಲ್ಲಿ ಮೊಗ್ಗನ್ನೇ ಚಿವುಟಿದರೂ ಒಳ್ಳೆಯದು. ಮನಸ್ಸಿಗೆ ಕಷ್ಟ, ನನಗೂ ಗೊತ್ತು, ಆದರೆ ಗಿಡಕ್ಕೆ ಅಷ್ಟು ವಿಶ್ರಾಂತಿ ಬೇಕು. ಮಧ್ಯಾಹ್ನದ ಬಿಸಿಲು ತಪ್ಪುವ ಕಡೆ ಕುಂಡ ಸರಿಸಿ.

ಪ್ರಶ್ನೆ: ಕೆಂಪು ಗುಲಾಬಿ ಗಿಡದಲ್ಲಿ ಒಂದೇ ಕೊಂಬೆ ಸರಸರ ಉದ್ದ ಬೆಳೆದಿದೆ, ಹೂವೇ ಇಲ್ಲ. ಎಷ್ಟು ಸವರಿದರೂ ಮತ್ತೆ ಬರುತ್ತದೆ.
— ಓದುಗರು, ತುಮಕೂರು

ಬುಡದ ಮಣ್ಣು ಸ್ವಲ್ಪ ಸರಿಸಿ, ಆ ಕೊಂಬೆ ಎಲ್ಲಿಂದ ಹುಟ್ಟಿದೆ ನೋಡಿ. ಕಸಿ ಮಾಡಿದ ಗಂಟಿನ ಕೆಳಗಿನಿಂದ ಬಂದಿದ್ದರೆ ಅದು ನಿಮ್ಮ ಕೆಂಪು ಗುಲಾಬಿ ಅಲ್ಲ, ಕಸಿಗೆ ಆಧಾರವಾಗಿದ್ದ ಕಾಡು ಗುಲಾಬಿ. ಬಿಟ್ಟರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ಅದನ್ನು ಕತ್ತರಿಸಬೇಡಿ, ಹುಟ್ಟಿದ ಜಾಗದಿಂದಲೇ ಕೆಳಕ್ಕೆ ಎಳೆದು ಕಿತ್ತುಹಾಕಿ, ಇಲ್ಲದಿದ್ದರೆ ಉಳಿದ ಕಣ್ಣುಗಳಿಂದ ಒಂದರ ಜಾಗಕ್ಕೆ ನಾಲ್ಕು ಬರುತ್ತವೆ. ಗಂಟಿನ ಮೇಲಿನಿಂದ ಬಂದಿದ್ದರೆ ಮಾತ್ರ ಮುಟ್ಟಬೇಡಿ, ಅದು ಮುಂದೆ ಹೂ ಕೊಡುವ ಹೊಸ ಕೊಂಬೆ.