ಎಡಗೈ ಬೆರಳಿಗೇ ಯಾಕೆ ಜಾಸ್ತಿ?

ಪ್ರಶ್ನೆ: ಡಾಕ್ಟ್ರೇ, ನನಗೆ 41 ವರ್ಷ. ಗಂಗಾವತಿಯಲ್ಲಿ ಸಣ್ಣ ಖಾನಾವಳಿ ನಡೆಸುತ್ತೇನೆ. ಎರಡು ವರ್ಷದಿಂದ ಎರಡೂ ಕೈ ಒಣಗಿ ಉರಿಯುತ್ತಿವೆ. ಎಡಗೈ ಹೆಬ್ಬೆರಳು, ಪಕ್ಕದ ಎರಡು ಬೆರಳಿನ ತುದಿ ಸೀಳಿ ರಕ್ತ ಬರುತ್ತದೆ. ಮೆಡಿಕಲ್ ಶಾಪಿನ ಮುಲಾಮು ಹಚ್ಚಿದರೆ ಒಂದು ವಾರ ಕಡಿಮೆ, ಮತ್ತೆ ಅದೇ. ನಂಜು ಅಂತ ಬದನೆಕಾಯಿ ಬಿಟ್ಟು ಆರು ತಿಂಗಳಾಯಿತು. ಊಟಕ್ಕೆ ಬಂದವರು ಕೈ ನೋಡುತ್ತಾರೆ. ಇದು ಅಂಟುರೋಗವೇ?

ಉತ್ತರ: ಅಕ್ಕಾ, ನೀವು ಬರೆದದ್ದು ನೋಡಿದರೆ ಇದು ಕೈಯ ಇಸುಬು, ಅಂದರೆ ಎಕ್ಸಿಮಾ ಇರಬೇಕು. ಮೂರು ತಿಂಗಳಿಗಿಂತ ಹೆಚ್ಚು ಉಳಿದರೆ ಅದನ್ನು ದೀರ್ಘಕಾಲದ್ದು ಅನ್ನುತ್ತೇವೆ. ಇಸುಬು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬದನೆಕಾಯಿಯನ್ನು ಧಾರಾಳವಾಗಿ ತಿನ್ನಿ. ಆದರೆ ಸೀಳಿದ ಜಾಗದಲ್ಲಿ ಕೀವು ತುಂಬಿದ್ದರೆ ವಾಸಿಯಾಗುವವರೆಗೆ ಅಡುಗೆ ಮುಟ್ಟಬೇಡಿ.

ಎಡಗೈಯ ಆ ಮೂರೇ ಬೆರಳು ಅಂತ ಓದಿದ ಕೂಡಲೇ ನನಗೆ ಬಳ್ಳೊಳ್ಳಿ ನೆನಪಾಯಿತು. ನೀವು ಬಲಗೈಯವರಲ್ವಾ? ಬಲಗೈಯಲ್ಲಿ ಚಾಕು, ಎಡಗೈಯ ಮೂರು ಬೆರಳಲ್ಲಿ ಎಸಳು. ದಿನಾ ಚಟ್ನಿಗೆ ಅಷ್ಟು ಬಳ್ಳೊಳ್ಳಿ ಸುಲಿಯುವಾಗ ರಸವೆಲ್ಲ ಅಲ್ಲಿಗೇ ಇಳಿಯುತ್ತದೆ. ಅದರಲ್ಲಿರುವ ಡಯಾಲಿಲ್ ಡೈಸಲ್ಫೈಡ್ ಎಂಬ ಅಂಶ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಸಾಮಾನ್ಯ ರಬ್ಬರ್ ಗ್ಲೌಸ್ ಹಾಕಿದರೂ ಅದು ಒಳಗೆ ನುಸುಳುತ್ತದೆ. ಹಾಗಾಗಿ ಒಂದು ತಿಂಗಳು ಸುಲಿಯುವ ಕೆಲಸ ಮನೆಯಲ್ಲಿ ಬೇರೆಯವರಿಗೆ ಕೊಡಿ. ಬೆರಳ ತುದಿ ಏನು ಹೇಳುತ್ತದೆ ನೋಡೋಣ.

ಹಾಗಂತ ಬಳ್ಳೊಳ್ಳಿಯ ಮೇಲೊಂದೇ ತಪ್ಪು ಹಾಕಲಾರೆ. ಎರಡೂ ಕೈ ಒಣಗಿವೆ ಅಂದಿರಿ. ಅದು ನೀರು ಮತ್ತು ಸೋಪಿನ ಕೆಲಸ. ದಿನಕ್ಕೆ ಒಟ್ಟು ಎರಡು ಗಂಟೆಗಿಂತ ಜಾಸ್ತಿ ಕೈ ಒದ್ದೆಯಿದ್ದರೆ, ಇಲ್ಲವೇ 20ಕ್ಕಿಂತ ಹೆಚ್ಚು ಸಲ ಕೈ ತೊಳೆದರೆ ಇಸುಬಿಗೆ ದಾರಿಯಾಗುತ್ತದೆ. ಖಾನಾವಳಿಯಲ್ಲಿ ಈ ಲೆಕ್ಕ ಮಧ್ಯಾಹ್ನದೊಳಗೇ ಮುಗಿದಿರುತ್ತದೆ! ಮುಸುರೆ ತಿಕ್ಕುವ ಪುಡಿ ಚರ್ಮದ ಜಿಡ್ಡನ್ನು ತೆಗೆದುಬಿಡುತ್ತದೆ. ಆಮೇಲೆ ಮೆಣಸಿನಕಾಯಿಯ ಖಾರ, ಟೊಮ್ಯಾಟೊ ಹುಳಿ ನೇರವಾಗಿ ಒಳಗೆ ಇಳಿಯುತ್ತವೆ. ಉಂಗುರ ಹಾಕಿದ್ದರೆ ಕೆಲಸದ ಹೊತ್ತಿಗೆ ತೆಗೆದಿಡಿ. ಅದರ ಕೆಳಗೆ ಸೋಪು ನಿಲ್ಲುತ್ತದೆ.

ಚಿಕ್ಕವರಿದ್ದಾಗ ಮೊಣಕೈ, ಮಂಡಿಯ ಮಡಿಕೆಯಲ್ಲಿ ನವೆ, ಒಣ ಚರ್ಮ, ದಮ್ಮು ಇತ್ತೇ? ತಾಯಿಯನ್ನು ಕೇಳಿ ನೋಡಿ. ಅಂಥವರ ಚರ್ಮ ಹುಟ್ಟಿನಿಂದಲೇ ಸೂಕ್ಷ್ಮ. ಅದೇ ಕೆಲಸ ಮಾಡುವ ಪಕ್ಕದವರಿಗೆ ಏನೂ ಆಗದೆ ನಿಮಗೇ ಆಗಲು ಇದೂ ಒಂದು ಕಾರಣವಿರಬಹುದು. ಚಳಿಗಾಲದ ಒಣಗಾಳಿಗೆ, ಮನಸ್ಸಿನ ಒತ್ತಡಕ್ಕೆ ಸಹ ಇಸುಬು ಕೆರಳುತ್ತದೆ. ಗಾರೆ ಕೆಲಸದವರಿಗೆ ಸಿಮೆಂಟಿನ ಕ್ರೋಮಿಯಂ, ಹೊಲದವರಿಗೆ ಕಾಂಗ್ರೆಸ್ ಗಿಡ ಹೀಗೇ ಕಾಡುತ್ತವೆ. ಅದಕ್ಕೇ ಇಂಥ ಕೈ ನೋಡಿದಾಗ ನಾವು ಮೊದಲು ಕೇಳುವುದು ಕೆಲಸವನ್ನು.

ಮುಸುರೆಗೆ ರಬ್ಬರ್ ಗ್ಲೌಸ್ ಹಾಕಿ, ಒಳಗೆ ತೆಳು ಹತ್ತಿ ಗ್ಲೌಸ್ ಇರಲಿ. ಬೆವರಿಗೆ ಒದ್ದೆಯಾದರೆ ಬದಲಿಸಿ. ಪ್ರತಿ ಸಲ ಕೈ ಒರೆಸಿದ ಮೇಲೆ ಮತ್ತು ರಾತ್ರಿ ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ. ಮೇಲೆ ವಾಸಿಯಾದಂತೆ ಕಂಡರೂ ಚರ್ಮ ಒಳಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಕೈ ನುಣುಪಾಯಿತು ಅಂತ ಗ್ಲೌಸ್ ಮೂಲೆಗೆ ಎಸೆದುಬಿಡುತ್ತಾರೆ.

ಇನ್ನು ಆ ಮುಲಾಮು. ವಾರಕ್ಕೇ ಕಡಿಮೆಯಾಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು. ಸ್ಟೀರಾಯ್ಡ್ ಕೆಟ್ಟದ್ದಲ್ಲ, ನಾವೂ ಕೊಡುತ್ತೇವೆ. ಆದರೆ ಎಷ್ಟು ಬಲದ್ದು, ಎಷ್ಟು ದಿನ ಅನ್ನುವುದನ್ನು ಕೈ ನೋಡಿ ಹೇಳಬೇಕು. ಸುಮ್ನೆ ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ. ಗಜಕರ್ಣವಾಗಿದ್ದರೆ ಅದು ಗುರುತೇ ಸಿಗದಂತೆ ಹರಡುತ್ತದೆ. ಆದ್ದರಿಂದ ಕೊಪ್ಪಳ ಅಥವಾ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಒಮ್ಮೆ ಹೋಗಿ. ಬಳ್ಳೊಳ್ಳಿಯೋ ಗ್ಲೌಸಿನ ರಬ್ಬರೋ ಅಂತ ತಿಳಿಯಲು ಅವರು ಪ್ಯಾಚ್ ಟೆಸ್ಟ್‌ಗೆ ಹೇಳಬಹುದು. ಸೂಜಿಯಿಲ್ಲ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆಯುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಬೆನ್ನಿಗೆ ನೀರು ತಾಗಬಾರದು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ಯಿರಿ, ಖಾಲಿಯಾದವನ್ನೂ.