ಓದುಗರ ಪ್ರಶ್ನೆ: ಸೋರುವ ಆಸ್ಪತ್ರೆ, ಗಾಜಾ, ಎರಡನ್ನೂ ಒಬ್ಬರೇ ಕೇಳ್ತಾರಾ?

ಕ್ಯಾಥರೀನ್ ಕೊನೊಲಿ ಐರ್ಲೆಂಡಿನ ಅಧ್ಯಕ್ಷೆಯಾದ ಬಗ್ಗೆ ಹಿಂದೊಮ್ಮೆ ಇಲ್ಲಿ ಬರೆದಿದ್ದೆ. 2025ರ ಅಕ್ಟೋಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಅವರಿಗೆ ಶೇ 63ಕ್ಕಿಂತ ಜಾಸ್ತಿ ಮತ ಬಂತು. ಅದಕ್ಕೂ ಮೊದಲು ಅವರು ಗಾಲ್ವೇ ವೆಸ್ಟ್ ಕ್ಷೇತ್ರದ ಸಂಸದೆ. ಆ ಬರಹ ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಇದೆ. ಹೊಸ ಓದುಗರಿಗೆ ನನ್ನ ಪರಿಚಯ: ಊರು ಧಾರವಾಡ, ಈಗ ಇರುವುದು ಗಾಲ್ವೇಯಲ್ಲಿ. ವೈದ್ಯಕೀಯ ಉಪಕರಣ ಮಾಡುವ ಕಂಪನಿಯಲ್ಲಿ ಕೆಲಸ. ರಾಜ್ಯಶಾಸ್ತ್ರ ಓದಿದವಳಲ್ಲ. ಪೇಪರ್ ಓದುವ, ಬಸ್ಸಿನಲ್ಲಿ ಪಕ್ಕದವರ ಮಾತು ಕೇಳಿಸಿಕೊಳ್ಳುವ ಚಟ ಮಾತ್ರ ಇದೆ.

ಪ್ರಶ್ನೆ: ಕೊನೊಲಿ ಅವರು ಆಸ್ಪತ್ರೆಯ ಚಾವಣಿ ಸೋರುವುದನ್ನೂ ಕೇಳುತ್ತಿದ್ದರು, ಗಾಜಾ ಬಗ್ಗೆಯೂ ಕೇಳುತ್ತಿದ್ದರು ಎಂದು ಬರೆದಿದ್ದೀರಿ. ಆಸ್ಪತ್ರೆಗೆ ಎಂಎಲ್‌ಎ, ವಿದೇಶಕ್ಕೆ ಎಂಪಿ ಅಲ್ವಾ? (ಹಾಸನದಿಂದ)

ನಮ್ಮಲ್ಲಿ ಹೌದು. ಇಲ್ಲಿ ರಾಜ್ಯ ಸರಕಾರವೇ ಇಲ್ಲ. ಇಡೀ ದೇಶದ ಜನಸಂಖ್ಯೆ ಸುಮಾರು 54 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಆಗುವುದಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿಯಂಥ ಕೌಂಟಿ ಕೌನ್ಸಿಲ್‌ಗಳ ಕೈಯಲ್ಲಿ ಅಧಿಕಾರ ಕಡಿಮೆ. ಆಸ್ಪತ್ರೆಗಳನ್ನು ನಡೆಸುವುದು ಎಚ್‌ಎಸ್‌ಇ ಎಂಬ ರಾಷ್ಟ್ರೀಯ ಸಂಸ್ಥೆ. ಹಾಗಾಗಿ ಎಲ್ಲ ದೂರೂ ಡಬ್ಲಿನ್‌ನ ಡಾಯ್ಲ್‌ಗೆ, ಅಂದರೆ ಇಲ್ಲಿನ ಕೆಳಮನೆಗೆ ಬಂದು ಬೀಳುತ್ತದೆ. ಅಲ್ಲಿರುವ 174 ಸದಸ್ಯರನ್ನು ಟಿಡಿ ಎನ್ನುತ್ತಾರೆ.

ಚುನಾವಣೆಯ ರೀತಿಯೂ ಇದಕ್ಕೆ ಕಾರಣ. ಒಂದು ಕ್ಷೇತ್ರಕ್ಕೆ ಮೂರರಿಂದ ಐದು ಟಿಡಿಗಳು. ಮತದಾರರು ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತಾರೆ. ನಿಮ್ಮ ಫೋನ್ ಒಬ್ಬ ಟಿಡಿ ಎತ್ತದಿದ್ದರೆ ಅದೇ ಕ್ಷೇತ್ರದ ಇನ್ನೊಬ್ಬರು ಎತ್ತುತ್ತಾರೆ. ಅವರು ಅದೇ ಪಕ್ಷದವರೂ ಆಗಿರಬಹುದು! 2011ರಲ್ಲಿ ಕೊನೊಲಿ ಇದೇ ಗಾಲ್ವೇ ವೆಸ್ಟ್‌ನಲ್ಲಿ ಬರೀ 17 ಮತಗಳಿಂದ ಸೋತಿದ್ದರು. 2016ರಲ್ಲಿ ಗೆದ್ದರು. 17 ಮತ ಅಂದರೆ ನಾಲ್ಕು ಮನೆಯ ಜನ. ಇಂಥ ಕಡೆ ಯಾವ ಟಿಡಿಯೂ ಯಾರ ಸೊಂಟದ ಆಪರೇಷನ್ನನ್ನೂ ಸಣ್ಣ ವಿಷಯ ಎನ್ನುವುದಿಲ್ಲ.

ಟಿಡಿಗಳು ಊರಿನಲ್ಲಿ ಜನರನ್ನು ಕಂಡು ಅಹವಾಲು ಕೇಳುವುದನ್ನು ಇಲ್ಲಿ ‘ಕ್ಲಿನಿಕ್’ ಎನ್ನುತ್ತಾರೆ. ಸಮುದಾಯ ಭವನದಲ್ಲೋ ಹೋಟೆಲಿನ ಮೂಲೆಯಲ್ಲೋ ಒಂದು ಮೇಜು, ಎದುರಿಗೆ ನಾಲ್ಕಾರು ಕುರ್ಚಿ. ನಮ್ಮ ಜನತಾ ದರ್ಶನವೇ, ಪೊಲೀಸರು ಮತ್ತು ಹಾರ ಇಲ್ಲ ಅಷ್ಟೆ. ಅಲ್ಲಿ ಕೇಳಿದ್ದು ಆಮೇಲೆ ಸಂಸತ್ತಿನ ಪ್ರಶ್ನೆಯಾಗುತ್ತದೆ.

ಚಾವಣಿ ವಿಷಯಕ್ಕೆ ಬರೋಣ. ಗಾಲ್ವೇಯ ಮರ್ಲಿನ್ ಪಾರ್ಕ್ ಆಸ್ಪತ್ರೆಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಚಾವಣಿ ಸೋರಿ, ಮೂಳೆ ಶಸ್ತ್ರಚಿಕಿತ್ಸೆಯ ಎರಡು ಥಿಯೇಟರ್ ಮುಚ್ಚಿದರು. ಮಂಡಿ, ಸೊಂಟ ಹಿಡಿದುಕೊಂಡು ಕಾಯುತ್ತಿದ್ದವರ ಸಾಲು ಬೆಳೆಯಿತು. ಕೊನೊಲಿ ಇದನ್ನು ಸದನದಲ್ಲಿ ಮತ್ತೆ ಮತ್ತೆ ಎತ್ತಿದರು. ಅದೇ ವರ್ಷಗಳಲ್ಲಿ, ಶಾನನ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಸೈನಿಕರು ಯಾಕೆ ಇಳಿಯುತ್ತಿದ್ದಾರೆ ಎಂದೂ ಕೇಳಿದರು. ಗಾಲ್ವೇಯಿಂದ ಶಾನನ್‌ಗೆ ಕಾರಿನಲ್ಲಿ ಒಂದು ಗಂಟೆ ದಾರಿ. ಇಲ್ಲಿನವರಿಗೆ ಅದೂ ಊರಿನದೇ ವಿಷಯ.

ಪ್ರಶ್ನೆ: ಕೇಳಿದ್ದಕ್ಕೆಲ್ಲ ಮಂತ್ರಿ ಉತ್ತರ ಕೊಡಲೇಬೇಕಾ? ಏನಾದರೂ ಪ್ರಯೋಜನ ಉಂಟಾ? (ಕುಂದಾಪುರದಿಂದ)

ಉತ್ತರ ಕೊಡಲೇಬೇಕು. ಪ್ರಯೋಜನದ ಮಾತು ಬೇರೆ.

ಇಲ್ಲಿಯೂ ನಮ್ಮ ವಿಧಾನಸಭೆಯ ಚುಕ್ಕೆ ಗುರುತಿನ, ಚುಕ್ಕೆರಹಿತ ಪ್ರಶ್ನೆಗಳ ಹಾಗೆ ಎರಡು ಬಗೆ. ಬಾಯಲ್ಲಿ ಉತ್ತರಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವುಗಳ ಸರದಿ ಲಾಟರಿಯಲ್ಲಿ ತೀರ್ಮಾನ ಆಗುತ್ತದೆ. ಒಂದೊಂದಕ್ಕೆ ಸುಮಾರು ಆರೂವರೆ ನಿಮಿಷ. ಲಿಖಿತ ಪ್ರಶ್ನೆಗಳು ವರ್ಷಕ್ಕೆ ಹತ್ತಾರು ಸಾವಿರ ಬರುತ್ತವೆ. ಉತ್ತರಗಳೆಲ್ಲ ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ರಾತ್ರಿ ನಿದ್ದೆ ಬಾರದಿದ್ದರೆ ನಾನು ಓದುವುದು ಅದನ್ನೇ, ನಗಬೇಡಿ.

ಆರೋಗ್ಯದ ಪ್ರಶ್ನೆಗೆ ಒಂದು ಸಿದ್ಧ ಉತ್ತರ ಇದೆ. ಇದು ಸೇವೆಗೆ ಸೇರಿದ ವಿಷಯ, ಸದಸ್ಯರಿಗೆ ನೇರವಾಗಿ ಉತ್ತರಿಸಲು ಎಚ್‌ಎಸ್‌ಇಗೆ ತಿಳಿಸಿದ್ದೇನೆ ಎಂದು ಮಂತ್ರಿ ಕೈತೊಳೆದುಕೊಳ್ಳುತ್ತಾರೆ. ಎಚ್‌ಎಸ್‌ಇ ಶುರುವಾಗಿದ್ದು 2005ರಲ್ಲಿ. ಅವತ್ತಿನಿಂದ ಮಂತ್ರಿಗಳಿಗೆ ಇದೊಂದು ಅನುಕೂಲ. ಆಸ್ಪತ್ರೆಗೆ ದುಡ್ಡು ಕೊಟ್ಟಿದ್ದು ನಾವು ಎಂದು ಹೇಳಿಕೊಳ್ಳಬಹುದು, ಹಾಸಿಗೆ ಸಿಗದಿದ್ದರೆ ಎಚ್‌ಎಸ್‌ಇ ಕಡೆ ಕೈ ತೋರಿಸಬಹುದು.

ನಮ್ಮ ಮನೆಯ ಕಥೆ ಹೇಳುತ್ತೇನೆ. ಮಗನಿಗೆ ಕಿವಿಯ ತಜ್ಞರನ್ನು ತೋರಿಸಬೇಕಿತ್ತು. ಒಂದು ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಇತ್ತು, ಕರೆ ಮಾತ್ರ ಬರಲಿಲ್ಲ. ಆಫೀಸಿನ ಗೆಳತಿ "ಕ್ಲಿನಿಕ್‌ಗೆ ಹೋಗು" ಎಂದಾಗ ನಾನು ಡಾಕ್ಟರ ಕ್ಲಿನಿಕ್ ಎಂದೇ ತಿಳಿದೆ. ಅವಳು ಹೇಳಿದ್ದು ಟಿಡಿಯ ಕ್ಲಿನಿಕ್. ನಾನು ಐರಿಷ್ ಪ್ರಜೆಯಲ್ಲ, ನನ್ನ ಮತದಿಂದ ಅವರಿಗೇನೂ ಆಗಬೇಕಿಲ್ಲ. ಆದರೂ ಬರೆದುಕೊಂಡರು, ಕೇಳಿದರು. ಬಂದ ಪತ್ರದಲ್ಲಿ ಇದ್ದದ್ದು ಇಷ್ಟೇ: ಹುಡುಗನ ಹೆಸರು ಪಟ್ಟಿಯಲ್ಲಿದೆ, ಸರದಿ ಬಂದಾಗ ಕರೆಯುತ್ತಾರೆ. ನನಗೆ ಸಿಟ್ಟು ಬಂತು. ಗೆಳತಿ ಮಾತ್ರ "ಈಗ ಅವನು ಪಟ್ಟಿಯಲ್ಲಿ ಇದ್ದಾನೆ ಅನ್ನೋದಕ್ಕೆ ಕಾಗದ ಇದೆಯಲ್ಲ" ಎಂದಳು. ಅವಳಪ್ಪನ ಹೆಸರು ಒಮ್ಮೆ ಪಟ್ಟಿಯಿಂದಲೇ ಬಿಟ್ಟುಹೋಗಿತ್ತಂತೆ.

ಒಬ್ಬರ ಸರದಿ ಮುಂದೆ ತರಲು ಈ ಪ್ರಶ್ನೆಗಳಿಂದ ಆಗುವುದಿಲ್ಲ, ಆಗಲೂ ಬಾರದು. ಲೆಕ್ಕ ಹೊರಗೆ ಬರುವುದು ಮಾತ್ರ ಹೀಗೇ ಕೆದಕಿ ಕೇಳಿದಾಗ. ಡಬ್ಲಿನ್‌ನಲ್ಲಿ ಕಟ್ಟುತ್ತಿರುವ ಮಕ್ಕಳ ಆಸ್ಪತ್ರೆಯನ್ನೇ ನೋಡಿ. ಮೊದಲು ಹೇಳಿದ ಅಂದಾಜು ಸುಮಾರು 65 ಕೋಟಿ ಯೂರೊ. 2024ರ ಹೊತ್ತಿಗೆ ಮಂಜೂರಾದದ್ದು 224 ಕೋಟಿ. ಸಂಸತ್ತಿನಲ್ಲೂ ಅದರ ಸಮಿತಿಗಳಲ್ಲೂ ಬಿಡದೆ ಕೇಳಿದ್ದರಿಂದ ಆ ಅಂಕಿ ಇವತ್ತು ಟ್ಯಾಕ್ಸಿ ಓಡಿಸುವವರ ಬಾಯಲ್ಲೂ ಇದೆ.

ಪ್ರಶ್ನೆ: ನಮ್ಮ ಸವಿತಾ ತೀರಿಕೊಂಡಿದ್ದು ನಿಮ್ಮ ಗಾಲ್ವೇಯಲ್ಲೇ. ಆಗ ಆ ಸಂಸತ್ತು ಏನು ಮಾಡುತ್ತಿತ್ತು? (ಬೆಳಗಾವಿಯಿಂದ)

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತಿತ್ತು.

ಸವಿತಾ ಹಾಲಪ್ಪನವರ್ ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ, 17 ವಾರದ ಗರ್ಭಿಣಿ, ನೋವು ಎಂದು ಇಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಯಿತು. ಗರ್ಭಪಾತ ಮಾಡಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವ ತನಕ ಆಗದು ಎಂದರು. ಸೋಂಕು ರಕ್ತಕ್ಕೆ ಏರಿತು. 28ರಂದು ತೀರಿಕೊಂಡರು. ವಯಸ್ಸು 31.

ಸಂಸತ್ತಿನಲ್ಲಿ ಯಾರೂ ಕೇಳಿರಲಿಲ್ಲವೇ? ಕೇಳಿದ್ದರು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತ ಕಾನೂನುಬದ್ಧ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಯಾವಾಗ, ಹೇಗೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳುವ ಕಾಯ್ದೆಯನ್ನು 20 ವರ್ಷ ಯಾವ ಸರಕಾರವೂ ಮಾಡಲಿಲ್ಲ. 2012ರ ಏಪ್ರಿಲ್‌ನಲ್ಲಿ ಕ್ಲೇರ್ ಡೇಲಿ ಎಂಬ ಟಿಡಿ ಮತ್ತು ಸಂಗಡಿಗರು ಅಂಥ ಮಸೂದೆ ತಂದರು. ಪರ 20 ಮತ, ವಿರುದ್ಧ 109. ಬಿದ್ದುಹೋಯಿತು. ಆರು ತಿಂಗಳಿಗೆ ಸವಿತಾ ಇಲ್ಲವಾದರು.

ಆಮೇಲೆ ಬೀದಿಗೆ ಇಳಿದ ಜನರ ಕೂಗಿಗೆ 2013ರಲ್ಲಿ ಒಂದು ಸಣ್ಣ ಕಾಯ್ದೆ ಬಂತು. 2018ರ ಮೇ 25ರ ಜನಮತದಲ್ಲಿ ಶೇ 66.4 ಜನ ಸಂವಿಧಾನದಲ್ಲಿದ್ದ ಗರ್ಭಪಾತ ನಿಷೇಧವನ್ನು ತೆಗೆಯಿರಿ ಎಂದರು. ಬೆಳಗಾವಿಯಲ್ಲಿದ್ದ ಸವಿತಾ ತಂದೆ, ಮಗಳನ್ನು ನೆನೆದು ಹೌದು ಎಂದು ಮತ ಹಾಕಿ ಎಂದು ಇಲ್ಲಿನವರನ್ನು ಕೇಳಿಕೊಂಡಿದ್ದರು. ‘ಈಗ ಅಧ್ಯಯನ ನಡೆಯುತ್ತಿದೆ, ಸಮಯ ಬೇಕು’ ಎಂದು ಯಾವ ಮಂತ್ರಿ ಉತ್ತರ ಬರೆದರೂ ನನಗೆ ಆ 20 ವರ್ಷ ನೆನಪಾಗುತ್ತದೆ.

ಪ್ರಶ್ನೆ: ಮಗ ಎಂಎಸ್ ಓದಲು ಡಬ್ಲಿನ್‌ಗೆ ಹೊರಟಿದ್ದಾನೆ. ಮನೆ ಸಿಗಲ್ಲ ಅಂತಾರೆ, ನಿಜವಾ? (ಬೆಂಗಳೂರಿನಿಂದ)

ನಿಜ. ರೂಮು ಸಿಗುವುದೇ ಕಷ್ಟ. 2024ರ ಚುನಾವಣೆ ಹೊತ್ತಿಗೆ ಆ ವರ್ಷ 40,000ದ ಹತ್ತಿರ ಹೊಸ ಮನೆಗಳಾಗುತ್ತವೆ ಎಂದು ಸರಕಾರದವರು ಹೇಳುತ್ತಿದ್ದರು. ಚುನಾವಣೆ ಮುಗಿದ ಮೇಲೆ ಬಂದ ಲೆಕ್ಕ 30,330. ವಿರೋಧ ಪಕ್ಷದವರು ಸದನದಲ್ಲಿ ಹಿಡಿದು ಜಗ್ಗಿದರು. 2025ರ ಆರಂಭದಲ್ಲೇ ಸರಕಾರದ ತುರ್ತು ವಸತಿಯಲ್ಲಿ 15,000ಕ್ಕಿಂತ ಜಾಸ್ತಿ ಜನ ಇದ್ದರು, ಮಕ್ಕಳೂ ಸೇರಿ. ವಾಯವ್ಯದ ಡೊನೆಗಲ್‌ನಲ್ಲಂತೂ ಕಟ್ಟಿದ ಮನೆಗಳೇ ಪುಡಿಯಾಗುತ್ತಿವೆ. ಸಿಮೆಂಟ್ ಬ್ಲಾಕ್‌ಗಳು ಕಳಪೆ, ಅದರಲ್ಲಿ ಮೈಕಾ ಎಂಬ ಖನಿಜ. ಪೂರ್ತಿ ಪರಿಹಾರ ಬೇಕು ಎಂದು ಅಲ್ಲಿನವರು ಪಕ್ಷವನ್ನೇ ಕಟ್ಟಿ 2024ರಲ್ಲಿ ಒಬ್ಬ ಟಿಡಿಯನ್ನು ಗೆಲ್ಲಿಸಿದರು.

ನಿಮ್ಮ ಮಗನಿಗೆ ಬೇಕಾದ ಮಾತು ಬೇರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. 2021ರ ಕಾಯ್ದೆ ಪ್ರಕಾರ ಒಂದು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ, ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಕೇಳಿದರೆ ಅನುಮಾನ ಪಡಿ. ಮಾಲೀಕರದೇ ಮನೆಯ ಒಂದು ಕೋಣೆಯಲ್ಲಿ ಇದ್ದರೆ ಮಾತ್ರ ಬಾಡಿಗೆದಾರನ ಹಕ್ಕು ಅನ್ವಯಿಸುವುದಿಲ್ಲ, ಹೋಗು ಎಂದರೆ ಹೋಗಬೇಕು. ಕಣ್ಣಾರೆ ನೋಡದ ಮನೆಗೆ ಊರಿನಿಂದ ದುಡ್ಡು ಕಳಿಸಲೇಬೇಡಿ.

ಪ್ರಶ್ನೆ: ಸೈನ್ಯವೇ ಇಲ್ಲದಂಥ ಪುಟ್ಟ ದೇಶ, ವಿದೇಶಾಂಗದ ಬಗ್ಗೆ ಇಷ್ಟು ಗದ್ದಲ ಯಾಕೆ? (ಶಿವಮೊಗ್ಗದಿಂದ)

ಸೈನ್ಯ ಇದೆ, ಚಿಕ್ಕದು. ಐರ್ಲೆಂಡ್ ತಟಸ್ಥ ದೇಶ, ನ್ಯಾಟೊ ಸೇನಾಕೂಟದಲ್ಲಿ ಇಲ್ಲ. ಆದರೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಲೆಬನಾನ್‌ಗೆ 1978ರಿಂದ ಸೈನಿಕರು ಹೋಗಿದ್ದಾರೆ. ಅದರ ಬಗ್ಗೆ ಇಲ್ಲಿನವರಿಗೆ ತುಂಬಾ ಹೆಮ್ಮೆ. 12ಕ್ಕಿಂತ ಹೆಚ್ಚು ಸೈನಿಕರನ್ನು ಹೊರಗೆ ಕಳಿಸಲು ವಿಶ್ವಸಂಸ್ಥೆ, ಸರಕಾರ, ಡಾಯ್ಲ್ ಮೂರೂ ಒಪ್ಪಬೇಕು. ಈ ಮೂರರಲ್ಲಿ ವಿಶ್ವಸಂಸ್ಥೆಯ ಒಪ್ಪಿಗೆ ಬೇಕು ಎನ್ನುವುದನ್ನು ತೆಗೆಯಲು ಸರಕಾರ 2025ರಲ್ಲಿ ಹೊರಟಿತು. ಭದ್ರತಾ ಮಂಡಳಿಯಲ್ಲಿ ರಷ್ಯಾ ವೀಟೊ ಹಾಕಿದರೆ ನಮ್ಮ ಸೈನಿಕರು ಕೂತಿರಬೇಕೇ ಎನ್ನುವುದು ಅವರ ವಾದ. ಕೊನೊಲಿಯಂಥವರು ಇದು ತಟಸ್ಥ ನೀತಿಗೆ ಕೊಡಲಿ ಎನ್ನುತ್ತಾರೆ. ನನಗೆ ಕೊನೊಲಿ ಹೇಳುವುದೇ ಸರಿ ಅನ್ನಿಸುತ್ತದೆ, ನನ್ನ ಗಂಡ ಒಪ್ಪುವುದಿಲ್ಲ.

ಪ್ಯಾಲೆಸ್ಟೈನನ್ನು ಐರ್ಲೆಂಡ್ 2024ರ ಮೇ 28ರಂದು ದೇಶವೆಂದು ಒಪ್ಪಿಕೊಂಡಿತು. ಆದರೆ ಆಕ್ರಮಿತ ಪ್ರದೇಶದ ಇಸ್ರೇಲಿ ವಸಾಹತುಗಳ ಜೊತೆ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಸೆನೆಟರ್, ಅಂದರೆ ಮೇಲ್ಮನೆಯ ಸದಸ್ಯೆ, ಫ್ರಾನ್ಸಿಸ್ ಬ್ಲ್ಯಾಕ್ ತಂದಿದ್ದು 2018ರಲ್ಲಿ. ಅದು ವರ್ಷಗಟ್ಟಲೆ ಅಲ್ಲೇ ಕೂತಿತು. 2025ರಲ್ಲಿ ಸರಕಾರ ತನ್ನದೇ ಕರಡು ತಂದಾಗ ಅದರಲ್ಲಿ ಸರಕುಗಳು ಮಾತ್ರ ಇದ್ದವು, ಸೇವೆಗಳು ಇರಲಿಲ್ಲ. ಸೇವೆಗಳು ಯಾಕಿಲ್ಲ ಎಂಬ ಒಂದೇ ಪ್ರಶ್ನೆಯನ್ನು ವಿರೋಧ ಪಕ್ಷದವರು ಎಷ್ಟು ಸಲ ಕೇಳಿದರೋ!

ಅಂದಹಾಗೆ, ಕೊನೊಲಿ ಇನ್ನು ಇದನ್ನೆಲ್ಲ ಸದನದಲ್ಲಿ ಕೇಳುವಂತಿಲ್ಲ. ಅಧ್ಯಕ್ಷರು ಸಂಸತ್ತನ್ನು ಉದ್ದೇಶಿಸಿ ಮಾತಾಡಬೇಕಾದರೂ ಸರಕಾರದ ಒಪ್ಪಿಗೆ ಬೇಕು.

ಪ್ರಶ್ನೆ: ನಾನು ನರ್ಸ್, ಕಾರ್ಕ್‌ಗೆ ಹೋಗುತ್ತಿದ್ದೇನೆ. ಅಲ್ಲಿ ನಮಗೆ ಮತ ಇದೆಯಾ? (ಮಂಗಳೂರಿನಿಂದ)

ಡಾಯ್ಲ್‌ಗೆ ಇಲ್ಲ, ಅದಕ್ಕೆ ಪೌರತ್ವ ಬೇಕು. ಕೌನ್ಸಿಲ್ ಚುನಾವಣೆಗೆ ಇದೆ. ಯಾವ ದೇಶದವರಾದರೂ ಸರಿ, ಇಲ್ಲಿ ವಾಸವಿದ್ದು 18 ತುಂಬಿದ್ದರೆ ಸಾಕು, ಮತ ಹಾಕಬಹುದು, ನಿಲ್ಲಲೂಬಹುದು. ಮುಂದಿನ ಕೌನ್ಸಿಲ್ ಚುನಾವಣೆ 2029ರಲ್ಲಿ. ಮನೆ ಸಿಕ್ಕ ಕೂಡಲೇ ಆ ವಿಳಾಸದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಿ. ಕ್ಲಿನಿಕ್‌ಗೆ ಹೋಗಲು ಅದೂ ಬೇಕಿಲ್ಲ.